ಇತರೆ ಸೂಕ್ತ ಕಾರಣ

ವಿಶ್ವವಿದ್ಯಾಲಯದ ಶೈಕ್ಷಣಿಕ ವಿಭಾಗಕ್ಕೂ ವಿದ್ಯಾರ್ಥಿ ಕ್ಷೇಮಪಾಲನೆಗೂ ಒಬ್ಬರೇ ಉಪಕುಲಸಚಿವರು. ಬಾಗಿಲ ಮೇಲಿನ ಫಲಕದಲ್ಲಿ ಅವರ ಹೆಸರಿಗಿಂತ ಹುದ್ದೆಯೇ ಉದ್ದ. ಸಿಬ್ಬಂದಿ ಮಾತ್ರ ಅವರನ್ನು 'ಚರ್ಚೆ ಸಾಹೇಬರು' ಎನ್ನುತ್ತಿದ್ದರು. ಮೇಜಿಗೆ ಬಂದ ಯಾವ ಕಡತವನ್ನೂ ಅವರು ಒಪ್ಪುತ್ತಿರಲಿಲ್ಲ, ತಳ್ಳಿಹಾಕುತ್ತಲೂ ಇರಲಿಲ್ಲ. ಅಂಚಿನಲ್ಲಿ ಹಸಿರು ಶಾಯಿಯಿಂದ 'ಚರ್ಚಿಸಿ' ಎಂದು ಬರೆದು, ಬಾಲ ಬಿಟ್ಟ ಸಹಿ ಹಾಕಿ, ಪಕ್ಕಕ್ಕೆ ಸರಿಸುತ್ತಿದ್ದರು. ಚರ್ಚಿಸಲು ಹೋದರೆ ಸಾಹೇಬರು ಮೀಟಿಂಗಿನಲ್ಲಿ. ಮೀಟಿಂಗ್ ಮುಗಿಯುವ ಹೊತ್ತಿಗೆ ವಿದ್ಯಾರ್ಥಿವೇತನದ ಗಡುವು ದಾಟಿರುತ್ತಿತ್ತು, ಕೊಠಡಿ ಕೇಳಿದ ಅಧ್ಯಾಪಕರು ಮರದ ಕೆಳಗೇ ಪಾಠ ಮುಗಿಸಿರುತ್ತಿದ್ದರು. ಹೀಗೆ ತಾವಾಗಿ ಸತ್ತ ತಕರಾರುಗಳನ್ನೆಲ್ಲ ಸಾಹೇಬರು 'ಬಗೆಹರಿಸಲಾಗಿದೆ' ಎಂದು ವಾರ್ಷಿಕ ವರದಿಗೆ ಸೇರಿಸುತ್ತಿದ್ದರು. ಮೇಲಿನಿಂದ ಫೋನ್ ಬಂದ ಕಡತಕ್ಕೆ ಮಾತ್ರ ಯಾವ ಚರ್ಚೆಯೂ ಬೇಕಾಗುತ್ತಿರಲಿಲ್ಲ.

ಮನೆಯಲ್ಲಿ ಈ ವಿದ್ಯೆ ಇನ್ನೂ ಚೆನ್ನಾಗಿ ಪಳಗಿತ್ತು. ಗ್ಯಾಸ್ ಮುಗಿದಿದೆ ಅಂದರೆ 'ನೋಡೋಣ', ನಲ್ಲಿ ಸೋರುತ್ತಿದೆ ಅಂದರೆ 'ಮಾತಾಡೋಣ'. ನೋಡಿ ಮಾತಾಡುವುದರೊಳಗೆ ಹೆಂಡತಿ ಸಿಲಿಂಡರ್ ಬದಲಿಸಿ, ನಲ್ಲಿ ರಿಪೇರಿಯವನನ್ನು ಕರೆಸಿ, ಅವನು ಬಿಟ್ಟುಹೋದ ಕೊಳೆಯನ್ನೂ ಒರೆಸಿರುತ್ತಿದ್ದಳು. "ನಮ್ಮನೆ ಅದರಷ್ಟಕ್ಕೆ ಅದು ನಡೀತಿರುತ್ತಪ್ಪ, ನಂಗೇನೂ ತಲೆನೋವಿಲ್ಲ" ಎಂದು ಸಾಹೇಬರು ಗೆಳೆಯರ ಮುಂದೆ ಹೇಳಿಕೊಳ್ಳುತ್ತಿದ್ದರು. ಗೆಳೆಯರೂ ಅಂಥವೇ ಮನೆಗಳಿಂದ ಊಟ ಮುಗಿಸಿ ಬಂದವರಾದ್ದರಿಂದ ಯಾರಿಗೂ ನಗು ಬರುತ್ತಿರಲಿಲ್ಲ.

ಮಗಳು ಬೇರೆ ಊರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಹೆಂಡತಿ ಗಂಡನ ವಿಶ್ವವಿದ್ಯಾಲಯದಲ್ಲೇ ಸಂಖ್ಯಾಶಾಸ್ತ್ರದ ಎಂ.ಎಸ್ಸಿಗೆ ಸೇರಿದಳು. ಅದು ಮದುವೆಗೆಂದು ಅರ್ಧಕ್ಕೆ ಬಿಟ್ಟಿದ್ದ ಓದು. ಅವಳು ಓದುತ್ತಿರುವುದು ಇತಿಹಾಸ ಎಂದು ಸಾಹೇಬರು ತಿಳಿದಿದ್ದರು. "ಮನೇಲಿ ಹೊತ್ತು ಹೋಗಲ್ವಂತೆ, ಹೋಗ್ಲಿ ಪಾಪ" ಎನ್ನುತ್ತಿದ್ದರು. ಹೊತ್ತು ಹೋಗದ ಆ ಹೆಂಗಸು ಬೆಳಗಿನ ಅಡುಗೆ ಮುಗಿಸಿ ಬಸ್ಸು ಹಿಡಿದು, ಸಂಜೆ ಪಾತ್ರೆ ತೊಳೆದ ಕೈಯಲ್ಲೇ ಲೆಕ್ಕ ಬಿಡಿಸುತ್ತಿದ್ದಳು.

ಕೊನೆಯ ಸೆಮಿಸ್ಟರ್ ಶುರುವಾಗುತ್ತಿದ್ದಂತೆ ಸಾಹೇಬರ ತಾಯಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಮನೆಗೆ ಕರೆತಂದದ್ದೂ ಆಯಿತು. ಬೆಡ್‌ಪ್ಯಾನ್ ಇಡುವುದು, ತೆಗೆಯುವುದು, ಮೈ ಒರೆಸುವುದು, ಬೆನ್ನುಹುಣ್ಣು ಆಗದಂತೆ ಮಗ್ಗುಲು ಬದಲಿಸುವುದು, ರಬ್ಬರ್ ಹಾಳೆ ತೊಳೆದು ಒಣಹಾಕುವುದು, ಎಲ್ಲ ಸೊಸೆಯ ಪಾಲಿಗೆ ಬಂತು.

"ಒಬ್ಬ ನರ್ಸನ್ನ ಇಡೋಣ ರೀ. ನಂಗೆ ಕ್ಲಾಸು ತಪ್ತಿದೆ" ಎಂದಳು.

"ನೋಡೋಣ. ಹೊರಗಿನವರು ಮುಟ್ಟಿದ್ರೆ ಅಮ್ಮಂಗೆ ಹಿಡಿಸಲ್ಲ."

ಅಮ್ಮನನ್ನು ಯಾರೂ ಕೇಳಿರಲಿಲ್ಲ. ನೋಡುವುದರಲ್ಲೇ ಸೆಮಿಸ್ಟರ್ ಕಳೆದು, ಹಾಜರಾತಿ ಸಾಲದವರ ಪ್ರವೇಶಪತ್ರ ತಡೆಹಿಡಿಯುವ ಕಾಲ ಬಂತು. ಅವಳದೂ ನಿಂತಿತು. ಪರೀಕ್ಷೆಗೆ ಕೂರಬೇಕಾದರೆ ಶೈಕ್ಷಣಿಕ ವಿಭಾಗ ವಿನಾಯಿತಿ ಕೊಡಬೇಕು. ನಿಯಮದಲ್ಲಿ ಕಾರಣಗಳನ್ನು ಬರೆದಿಟ್ಟಿದ್ದರು: ವಿದ್ಯಾರ್ಥಿಯ ಸ್ವಂತ ಕಾಯಿಲೆ, ಕ್ರೀಡಾಕೂಟ, ನಾಟಕ ಸ್ಪರ್ಧೆ. ಮನೆಯಲ್ಲಿ ಮಲಗಿದವರನ್ನು ಎತ್ತಿ ಕೂರಿಸುವುದು ಅದರಲ್ಲಿ ಇರಲಿಲ್ಲ. ಕೊನೆಯಲ್ಲಿ ಮಾತ್ರ 'ಇತರೆ ಸೂಕ್ತ ಕಾರಣ' ಎಂದಿತ್ತು. ಯಾವುದು ಸೂಕ್ತ ಎಂದು ತೀರ್ಮಾನಿಸುವವರು ಉಪಕುಲಸಚಿವರು. ಅವಳು ಅದರಡಿ ಅರ್ಜಿ ಹಾಕಿದಳು, ವಿಭಾಗದ ಮುಖ್ಯಸ್ಥರು ಶಿಫಾರಸು ಮಾಡಿದರು. ಆ ಕಚೇರಿಯಲ್ಲಿ ವಿದ್ಯಾರ್ಥಿಗಳಿಗೆ ನೋಂದಣಿ ಸಂಖ್ಯೆಯೇ ಹೆಸರು. ಸಾಹೇಬರು ಒಂದು ಮಧ್ಯಾಹ್ನ ಹಾಜರಾತಿ ಕಡತಗಳ ಕಟ್ಟನ್ನು ಎಳೆದುಕೊಂಡು, ಟೀ ಆರುವುದರೊಳಗೆ ಅಷ್ಟಕ್ಕೂ 'ಚರ್ಚಿಸಿ' ಎಂದು ಗೀಚಿದರು. ಹೆಂಡತಿಯದೂ ಅದರಲ್ಲೇ ಹೋಯಿತು.

ಮರುದಿನ ಅವಳು ಸಾಹೇಬರ ಕೋಣೆಯ ಹೊರಗೆ, ಮಗಳ ವಯಸ್ಸಿನವರ ಹಿಂದೆ, ಸಾಲಿನಲ್ಲಿ ನಿಂತಿದ್ದಳು. ವಿಭಾಗದ ಸೂಪರಿಂಟೆಂಡೆಂಟಮ್ಮ ಗುರುತು ಹಿಡಿದರು.

"ಅಯ್ಯೋ ನೀವಾ! ಸಾಲಲ್ಲಿ ಯಾಕೆ ನಿಂತ್ರಿ? ನಿಮ್ಮನೆಯವರೇ ಅಲ್ವಾ ಒಳಗಿರೋದು?"

"ಮನೇಲಿ ಕೈಗೆ ಸಿಕ್ಕಿದ್ರೆ ಇಲ್ಲೀವರೆಗೆ ಯಾಕೆ ಬರ್ತಿದ್ದೆ ಮೇಡಂ?"

ಸಾಲಿನಲ್ಲಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ಸೂಪರಿಂಟೆಂಡೆಂಟಮ್ಮ ಅವಳನ್ನು ಕೈಹಿಡಿದು ಒಳಗೆ ಕರೆದೊಯ್ದರು.

ಸಾಹೇಬರು ಗಾಬರಿಯಾದರು. "ಏನೇ? ಅಮ್ಮಂಗೆ ಏನಾಯ್ತು?"

"ಅವರಿಗೇನಾಗಿಲ್ಲ. ಪಕ್ಕದ ಮನೆಯವರು ಕೂತಿದ್ದಾರೆ. ಚರ್ಚಿಸಿ ಅಂತ ಬರೆದಿದ್ರಲ್ಲ, ಬಂದೆ."

ಕಡತವನ್ನು ಸಾಹೇಬರು ಆಗ ಮೊದಲ ಸಲ ಓದಿದರು. 'ಗಂಡನ ತಾಯಿಯ ಶುಶ್ರೂಷೆ' ಎಂಬಲ್ಲಿಗೆ ಬಂದಾಗ ಮುಖ ಕೆಂಪಾಯಿತು.

"ಮನೆ ಮಾತನ್ನೆಲ್ಲ ಆಫೀಸಿನ ಕಾಗದದಲ್ಲಿ ಬರೀತಾರೇನೇ?"

"ಮತ್ತೇನು ಬರೀಲಿ? ಫುಟ್‌ಬಾಲ್ ಆಡೋಕೆ ಹೋಗಿದ್ದೆ ಅಂತಾನಾ?"

"ಅತ್ತೇನ ನೋಡ್ಕೊಳ್ಳೋದೂ ಒಂದು ಕಾರಣಾನಾ? ಎಲ್ಲಾ ಹೆಂಗಸರೂ ಮಾಡ್ತಾರೆ."

"ಅದಕ್ಕೇ ಎಲ್ಲಾ ಹೆಂಗಸರ ಹಾಜರಾತೀನೂ ಕಮ್ಮಿ."

ಸೂಪರಿಂಟೆಂಡೆಂಟಮ್ಮ ಗಂಟಲು ಸರಿಮಾಡಿಕೊಂಡರು. "ಹೋದ ವರ್ಷ ಧಾರಾವಾಹಿ ಶೂಟಿಂಗಿಗೆ ಹೋಗಿದ್ದ ಹುಡುಗಂಗೆ 'ಇತರೆ'ಯಲ್ಲೇ ಕೊಟ್ಟಿದೀವಿ ಸಾರ್."

"ಅದು ಬೇರೆ ವಿಷಯ."

"ಹೌದು ಸಾರ್. ಅದಕ್ಕೆ ಫೋನ್ ಬಂದಿತ್ತು."

ಸಾಹೇಬರು ಆಕೆಯನ್ನು ಹೊರಗೆ ಕಳಿಸಿ, ದನಿ ತಗ್ಗಿಸಿದರು. "ನಾಳೆ ಜನ ಏನಂತಾರೆ ಯೋಚನೆ ಮಾಡು. ಹೆಂಡತಿ ಅಂತ ರೂಲ್ಸ್ ಸಡಿಲ ಮಾಡ್ದ ಅಂತಾರೆ."

"ಹಾಗಾದ್ರೆ ನೀವು ಮುಟ್ಟಲೇಬೇಡಿ. ಸ್ವಂತದವರ ಕಡತ ಅಂತ ಬರೆದು ಕುಲಸಚಿವರಿಗೆ ಕಳಿಸಿ. ಅವರು ಏನು ಹೇಳ್ತಾರೋ ಹೇಳ್ಲಿ. ನಂಗೆ ಪರೀಕ್ಷೆ ಬರೀಬೇಕು ರೀ. ಇಷ್ಟು ವರ್ಷ ಆದ್ಮೇಲೆ ಇಲ್ಲೀವರೆಗೆ ಬಂದಿದೀನಿ."

ಕುಲಸಚಿವರು ಓದುತ್ತಾರೆ, ತಮ್ಮ ಮನೆಯ ಬೆಡ್‌ಪ್ಯಾನ್ ಊರಿಗೆಲ್ಲ ಗೊತ್ತಾಗುತ್ತದೆ, ಒಬ್ಬ ನರ್ಸನ್ನು ಇಡದವರು ಎಂದು ಕ್ಯಾಂಟೀನಿನಲ್ಲಿ ಆಡಿಕೊಳ್ಳುತ್ತಾರೆ. ಸಾಹೇಬರಿಗೆ ಹೊಳೆದದ್ದು ಇಷ್ಟೇ. ಇಡೀ ಸರ್ವೀಸಿನಲ್ಲಿ ಮೇಲಿನಿಂದ ಫೋನ್ ಬಾರದೆ ಯಾವುದಕ್ಕೂ ಹೌದು, ಅಲ್ಲ ಅನ್ನದ ಮನುಷ್ಯ ಪೆನ್ನೆತ್ತಿ, ಹೆಂಡತಿಯ ಕಣ್ಣೆದುರೇ 'ತಿರಸ್ಕರಿಸಿದೆ' ಎಂದು ಬರೆದರು.

ಅವಳು ಎದ್ದು ಹೋದಳು. ಅಂದು ಸಂಜೆಯೊಳಗೆ ಸಾಹೇಬರ ನಿಷ್ಠುರತೆಯ ಸುದ್ದಿ ಎಲ್ಲ ವಿಭಾಗಗಳಿಗೂ ಹಬ್ಬಿತು. ಹಬ್ಬಿಸಿದವರು ಸಾಹೇಬರೇ. "ಹೆಂಡತಿ ಅಂತಾನೂ ನೋಡ್ಲಿಲ್ಲ ನಾನು" ಎಂದು ಹೇಳಿ ಹೇಳಿ ಅವರ ಎದೆ ಉಬ್ಬಿತ್ತು. ಪ್ರಾಮಾಣಿಕತೆ ಇಷ್ಟು ಸಲೀಸು ಎಂದು ಗೊತ್ತಿದ್ದರೆ ಮೊದಲೇ ಶುರುಮಾಡುತ್ತಿದ್ದರೇನೋ.

ಅವಳು ಕೊನೆಯ ಸೆಮಿಸ್ಟರನ್ನು ಮತ್ತೆ ಓದಬೇಕಾಯಿತು. ಹಾಗೆ ಮತ್ತೆ ಓದುವವರಿಗೆ ಮಹಿಳಾ ಹಾಸ್ಟೆಲಿನಲ್ಲಿ ಮೊದಲ ಆದ್ಯತೆ ಎಂಬ ನಿಯಮ ಇತ್ತು. ಇಷ್ಟು ವಯಸ್ಸಿನವರೆಗೆ ಎಂದು ಮಿತಿ ಹಾಕುವುದು ಯಾರಿಗೂ ಹೊಳೆದಿರಲಿಲ್ಲ. ಮಗಳನ್ನು ಕೆಲಸಕ್ಕೆ ಕಳಿಸಿದ ಹೆಂಗಸು ಹಾಸ್ಟೆಲಿಗೆ ಬಂದಾಳೆಂದು ಯಾರು ಅಂದುಕೊಂಡಿದ್ದರು? ಸೀಟು ಕೊಡುವ ಅಧಿಕಾರ ವಾರ್ಡನ್ನರದು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೇಲಿನ ಮಂಚಕ್ಕೆ ಹತ್ತೋಕಾಗುತ್ತಾ?"

ಸೆಮಿಸ್ಟರ್ ಶುರುವಾಗುವ ದಿನ ಬೆಳಿಗ್ಗೆ ಅವಳು ಸೂಟ್‌ಕೇಸ್ ಹಿಡಿದು ಹಾಲಿಗೆ ಬಂದಾಗ ಸಾಹೇಬರು ಪೇಪರ್ ಓದುತ್ತಿದ್ದರು.

"ತಲೆ ಕೆಟ್ಟಿದೆಯಾ ನಿಂಗೆ? ಅಮ್ಮನ್ನ ಯಾರು ನೋಡ್ಕೋತಾರೆ?"

"ಅವರಿಗೆ ಮಗ ಇದ್ದಾನೆ."

"ನಾಲ್ಕು ಜನ ಏನಂತಾರೆ?"

"ಹೆಂಡತಿ ಅಂತಾನೂ ನೋಡ್ಲಿಲ್ಲ ಅಂತ ಹೊಗಳಿದ್ರಲ್ಲ, ಅವರನ್ನೇ ಕೇಳಿ. ಅತ್ತೆ ಬೆನ್ನು ಕೆಂಪಾದ್ರೆ ಪೌಡರ್ ಸುರೀಬೇಡಿ, ಮಗ್ಗುಲು ಬದಲಾಯಿಸಿ."

ಒಳಗಿನಿಂದ ಅತ್ತೆ ಕೂಗಿದರು: "ಹೋಗಿ ಬಾರಮ್ಮ. ಇವನು ನನ್ನ ಸಾಯಿಸಿದ್ರೆ ಫೋನ್ ಮಾಡಿಸ್ತೀನಿ."

ಸಾಹೇಬರು ರಜೆ ಹಾಕಿದರು. ಕಾರಣದ ಜಾಗದಲ್ಲಿ 'ತಾಯಿಯ ಶುಶ್ರೂಷೆ' ಎಂದು ಬರೆದರು. ರಜೆ ಆ ಗಳಿಗೆಯಲ್ಲೇ ಮಂಜೂರಾಯಿತು. ಕುಲಸಚಿವರು ಮೀಟಿಂಗಿನಲ್ಲಿ ಅವರ ಮಾತೃಭಕ್ತಿಯನ್ನು ಕೊಂಡಾಡಿದರು. ಸ್ವಲ್ಪ ದಿನದಲ್ಲೇ ಸಾಹೇಬರು ನರ್ಸನ್ನೂ ಇಟ್ಟರು. ಅದಕ್ಕೆ 'ನೋಡೋಣ' ಎನ್ನುವಷ್ಟು ಪುರುಸೊತ್ತು ಆಗ ಅವರಿಗಿರಲಿಲ್ಲ.

ಭಾನುವಾರಗಳಂದು ಅವಳು ಅತ್ತೆಯನ್ನು ನೋಡಲು ಬರುತ್ತಿದ್ದಳು. ನೆಂಟರ ಹಾಗೆ ಕುರ್ಚಿಯಲ್ಲಿ ಕೂತು, ಗಂಡ ತಂದುಕೊಟ್ಟ ಟೀ ಕುಡಿದು, ಲೋಟವನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದಳು. ಆ ಸಲ ಒಂದು ಕ್ಲಾಸೂ ತಪ್ಪಿಸಲಿಲ್ಲ. ಪರೀಕ್ಷೆ ಬರೆದು ಪಾಸಾದಳು, ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹಿಡಿದಳು, ಕಾಲೇಜಿನ ಪಕ್ಕದಲ್ಲೇ ಕೋಣೆ ಮಾಡಿದಳು.

ಫಲಿತಾಂಶ ಬಂದ ವಾರ ಗೆಳೆಯರು ಮನೆಗೆ ಬಂದಾಗ ಸಾಹೇಬರು ಸೋಫಾದಲ್ಲಿ ಹಿಂದಕ್ಕೊರಗಿ, "ಹಾಸ್ಟೆಲಿಗೆ ಹಾಕಿ ಓದಿಸ್ದೆ ಕಣ್ರಪ್ಪ. ನಾನು ತ್ಯಾಗ ಮಾಡದಿದ್ರೆ ಎಲ್ಲಿ ಪಾಸಾಗ್ತಿದ್ಲು?" ಎಂದರು.

ವಾಕರ್ ಹಿಡಿದು ಬಚ್ಚಲ ಕಡೆ ಹೊರಟಿದ್ದ ತಾಯಿ ಅಲ್ಲೇ ನಿಂತರು.

"ಇವನು ಓದಿಸಿದ್ನಂತೆ! ನಂಗೆ ಮುರಿದಿದ್ದು ಎಡಗಡೆಯೋ ಬಲಗಡೆಯೋ ಅಂತ ಇವನಿಗೆ ಆ ನರ್ಸಮ್ಮ ಬಂದು ಹೇಳ್ಬೇಕಾಯ್ತು. ಅಲ್ಲೀವರೆಗೂ ಮುರಿದ ಕಡೇನೇ ಹಿಡಿದು ಎಬ್ಬಿಸ್ತಿದ್ದ."