ಹತ್ತಿ ಸುತ್ತಿ ಗಾಡಿ ಹತ್ತಿ: ಒಲ್ಲಿ ನೀಲಮ್ಮನ ಕಿವಿಗಂಟು

ಬಸವೇಶ್ವರನಗರದ ಮೈದಾನದ ಗೇಟಿಗೆ ಇನ್ನೂ ಬೀಗವಿದೆ. ಬೀದಿದೀಪ ಆರಿಲ್ಲ, ಸೂರ್ಯ ಹಾಜರಿ ಹಾಕಿಲ್ಲ. ಆದರೆ ಬೇಲಿಯ ಕಬ್ಬಿಣದ ಸರಳುಗಳಿಗೆ ಆಗಲೇ ಬೆಳಗಾಗಿದೆ. ಒಂದಕ್ಕೆ ಅರಿಶಿನ, ಒಂದಕ್ಕೆ ಇಟ್ಟಿಗೆಗೆಂಪು, ಇನ್ನೊಂದಕ್ಕೆ ನವಿಲುನೀಲಿ, ಆಚೆಯದಕ್ಕೆ ಚೌಕುಳಿ. ಲಗ್ಗೆರೆಯಿಂದ ಮೊದಲ ಬಸ್ಸಿನಲ್ಲಿ ಗಂಟು ಹೊತ್ತು ಬಂದಿರುವ ನೀಲಮ್ಮ ಒಂದೊಂದೇ ಹತ್ತಿಬಟ್ಟೆಯನ್ನು ಫಟ್ ಎಂದು ಕೊಡವಿ ಸರಳಿಗೆ ನೇತುಹಾಕುತ್ತಿದ್ದಾರೆ. ಪ್ರತಿ ಫಟ್‌ಗೂ ಗೇಟಿನ ಬಳಿ ಮಲಗಿದ ನಾಯಿ ಒಂದು ಕಣ್ಣು ತೆರೆದು, ‘ಓ, ನೀನಾ’ ಎಂಬಂತೆ ಮುಚ್ಚುತ್ತದೆ.

ಎಲ್ಲ ಕಟ್ಟಿ ಮುಗಿಸಿ ಸೆರಗು ಸಿಕ್ಕಿಸಿಕೊಂಡು ಕೂಗುತ್ತಾರೆ. “ಒಲ್ಲೀ... ಒಲ್ಲೀ... ಹತ್ತೀ ಒಲ್ಲೀಈಈ!” ರೈಲು ನಿಲ್ದಾಣದ ಪ್ರಕಟಣೆಯಂತೆ ಗಂಭೀರವಾಗಿ ಹೊರಡುವ ಆ ದನಿ ಕೊನೆಗೆ ಕುಕ್ಕರಿನ ಸೀಟಿಯಾಗಿ ಮುಗಿಯುತ್ತದೆ. ಎದುರು ಮನೆಯ ಮಹಡಿಯಲ್ಲಿ ಬಾಡಿಗೆಗಿರುವವರಿಗೆ ಅಲಾರಂ ಬೇಕಾಗಿಲ್ಲ.

ಒಲ್ಲಿ ಎಂದರೆ ರಾಣೆಬೆನ್ನೂರು ಕಡೆಯವರ ಬಾಯಲ್ಲಿ ಹೆಗಲ ಮೇಲಿನ ಹತ್ತಿವಸ್ತ್ರ. ಒಲ್ಲೆ ಎಂದರೆ ಬೇಡ. ನೀಲಮ್ಮ ಹೊಸದಾಗಿ ಇಲ್ಲಿ ನಿಂತಾಗ ಬೆಂಗಳೂರಿನ ಕಿವಿಗೆ ಎರಡೂ ಒಂದೇ ಆಗಿ ಕೇಳಿಸಿದ್ದವು. ದಿನವೂ ವಾಕಿಂಗ್ ಬರುವ ಶಂಭುಲಿಂಗಪ್ಪ ನಿವೃತ್ತ ಗುಮಾಸ್ತರು. ಒಂದು ವಾರ ಸುಮ್ಮನೆ ನೋಡಿ, ಎಂಟನೆಯ ದಿನ ತಡೆಯಲಾರದೆ ನಿಂತೇಬಿಟ್ಟರಂತೆ.

“ಏನಮ್ಮಾ, ಬಟ್ಟೆ ನೇತ್ಹಾಕ್ಕೊಂಡು ಒಲ್ಲೆ ಒಲ್ಲೆ ಅಂತೀಯ? ಮಾರೋಳೇ ಒಲ್ಲೆ ಅಂದ್ರೆ ಕೊಳ್ಳೋರು ಯಾರು?”

“ನಾನು ಎಲ್ಲಿ ಒಲ್ಲೆ ಅಂದೆ ಸಾರ್? ಒಲ್ಲಿ ಅಂದೆ.”

“ಅದೇ, ಒಲ್ಲೆ.”

“ಒಲ್ಲೆ ಅಲ್ಲ ಸಾರ್, ಒಲ್ಲಿ!”

“ಬೇಡ ಅಂದ್ಮೇಲೆ ಯಾಕಮ್ಮ ಇಲ್ಲಿ ನಿಂತಿದೀಯ?”

ಈ ಸಂಭಾಷಣೆಯನ್ನು ನೀಲಮ್ಮ ಇಂದಿಗೂ ಎರಡೂ ದನಿಗಳಲ್ಲಿ ಅಭಿನಯಿಸುತ್ತಾರೆ. ಶಂಭುಲಿಂಗಪ್ಪನವರ ಮೂಗಿನ ದನಿ, ಕನ್ನಡಕ ಮೇಲೇರಿಸುವ ತೋರುಬೆರಳು, ಏನೂ ಬಿಡುವುದಿಲ್ಲ. ಕೇಳಲು ನಿಂತವರಲ್ಲಿ ಅರ್ಧ ಜನ ಬಟ್ಟೆ ಕೊಂಡೇ ಹೋಗುತ್ತಾರೆ. ಸ್ವತಃ ಶಂಭುಲಿಂಗಪ್ಪನವರ ಹೆಗಲ ಮೇಲೆ ಈಗಿರುವುದು ಬೂದಿಗೆರೆಯ ಒಲ್ಲಿ. ಊರಿಡೀ ನೀಲಮ್ಮನನ್ನು ಈಗ ‘ಒಲ್ಲಿ ನೀಲಮ್ಮ’ ಎಂದೇ ಕರೆಯುವುದು.

ಗಿರಾಕಿಗಳು ಹೆಚ್ಚಾಗಿ ಧೂಳು ಬಿಸಿಲಿಗೆ ಮುಖ ಮುಚ್ಚಿಕೊಳ್ಳುವ ಸ್ಕೂಟರ್ ಸವಾರರು. ಬಂದವರು ಬಣ್ಣ ನೋಡಿದರೆ ನೀಲಮ್ಮನಿಗೆ ಸಮಾಧಾನವಿಲ್ಲ. “ಬಣ್ಣ ಆಮೇಲೆ ನೋಡಿ, ಮೊದ್ಲು ಊದಿ” ಎನ್ನುತ್ತಾರೆ. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿದರೆ ಆಚೆ ಇಟ್ಟ ಅಂಗೈಗೆ ಉಸಿರು ತಾಗಬೇಕು. ಆಮೇಲೆ ಮುಷ್ಟಿಯಲ್ಲಿ ಹಿಂಡಬೇಕು. “ಸುಕ್ಕು ಬಿದ್ರೆ ಹತ್ತಿ. ಎಷ್ಟ್ ಹಿಂಡಿದ್ರೂ ಮದ್ವೆ ಫೋಟೋ ಥರ ನಗ್ತಾನೇ ಇದ್ರೆ ಅದು ಪ್ಲಾಸ್ಟಿಕ್ ಜಾತಿ.” ಒಂದು ತುದಿ ಒದ್ದೆ ಮಾಡಿ ಬಿಳಿ ಕರವಸ್ತ್ರಕ್ಕೆ ಉಜ್ಜಿದರೆ ಬಣ್ಣ ಬಿಡುವ ಬಟ್ಟೆ ಅಲ್ಲೇ ತಪ್ಪೊಪ್ಪಿಕೊಳ್ಳುತ್ತದೆ. ಉದ್ದ ನಾಲ್ಕು ಮೊಳ. ಅದಕ್ಕಿಂತ ಕಡಿಮೆಯಾದರೆ ಮೂಗು ಮುಚ್ಚಿದಾಗ ಕತ್ತು ಬಯಲು, ಜಾಸ್ತಿಯಾದರೆ ಬಾಲ ಚಕ್ರಕ್ಕೆ. ಕಪ್ಪು ಬಿಸಿಲು ಕುಡಿಯುತ್ತದೆ. ಬಿಳಿ ಬಟ್ಟೆ ಮೈಸೂರು ರಸ್ತೆಯಲ್ಲಿ ಒಂದು ಸಲ ಹೋಗಿಬಂದರೆ ಬಿಸ್ಕತ್ತಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಜಾರುತ್ತದೆ. ಉಪ್ಪುನೀರಲ್ಲಿ ಒಂದು ಸಲ ಒಗೆಯದೆ ತಲೆಗೆ ಕಟ್ಟಬಾರದು. ಬೇಲಿಯ ಮೇಲಿರುವುದೆಲ್ಲ ಅವರು ಹಾಗೆ ಒಗೆದು ತಂದದ್ದು, ಗಂಟಿನಲ್ಲಿ ಉಳಿದದ್ದು ಹೊಸದು.

ಕೊಂಡ ಮೇಲೆ ಕಟ್ಟಿಯೂ ಕೊಡುತ್ತಾರೆ. ತಲೆ ಬಳಸಿ, ಮೂಗಿನ ಮೇಲಿಂದ ತಂದು, ಕಿವಿಯ ಕೆಳಗೆ ಗಂಟು. ಹಿಂದೆ ಹಾಕಿದರೆ ಹೆಲ್ಮೆಟ್ಟು ಗಂಟನ್ನು ಒತ್ತಿ ತಲೆನೋವು. ಅದಕ್ಕೇ ಪಕ್ಕಕ್ಕೆ, ಉಳಿದ ತುದಿ ಕಾಲರಿನೊಳಕ್ಕೆ. ಕಟ್ಟುತ್ತ ಕಟ್ಟುತ್ತ ಕಿವಿಯಲ್ಲಿ “ಹುಷಾರಾಗಿ ಹೋಗಿ, ಹಿಂದೆ ಮುಂದೆ ನೋಡ್ಕೊಳ್ಳಿ” ಎಂದು ಒಂದು ಮಾತು. ಹಾಗಾಗಿ ಇದು ಕಿವಿಗಂಟು, ಕಿವಿಮಾತು ಉಚಿತ. ಗಂಟುಮುಖ ಹೊತ್ತು ಬಂದವರೂ ನಗುತ್ತ ಹೋಗುತ್ತಾರೆ. ನಕ್ಕಿದ್ದು ಯಾರಿಗೂ ಕಾಣುವುದಿಲ್ಲ, ಅಷ್ಟೆ.

ಈ ಬಟ್ಟೆಯೊಂದಿಗೆ ನೀಲಮ್ಮನ ನಂಟು ಶುರುವಾದದ್ದು ಕೆಮ್ಮಿನಿಂದ. ಗಂಡ ಚನ್ನವೀರಪ್ಪನಿಗೆ ಪೀಣ್ಯದ ಲೇತ್ ಕೆಲಸ ಸಿಕ್ಕಿ ಇಬ್ಬರೂ ಲಗ್ಗೆರೆಗೆ ಬಂದರು. ನೀಲಮ್ಮ ಗಾರ್ಮೆಂಟ್ಸ್ ಸೇರಿದರು. ಹೊಲಿದ ಅಂಗಿಗಳ ದಾರ ಕತ್ತರಿಸುವ ಕೆಲಸ. ದಿನವಿಡೀ ನೂಲಿನ ಧೂಳು. ವರ್ಷಗಳು ಕಳೆದಂತೆ ಕೆಮ್ಮು ಹತ್ತಿತು, ಇಳಿಯಲೇ ಇಲ್ಲ. “ಹತ್ತಿ ಹತ್ಕೊಂಡಿತ್ತು ಎದೆಗೆ” ಎಂದು ಅವರೇ ನಗುತ್ತಾರೆ. ಅಮ್ಮ ರಾಣೆಬೆನ್ನೂರಿನಿಂದ ಕಳಿಸಿದ್ದ ಒಲ್ಲಿಯನ್ನು ಮೂಗಿಗೆ ಕಟ್ಟಿಕೊಂಡು ಕೂತರು. ಪಕ್ಕದವಳು ನನಗೊಂದು ಎಂದಳು, ಅವಳ ಪಕ್ಕದವಳು ನನಗೂ ಎಂದಳು. ಕೊನೆಗೆ ವೈದ್ಯರು ಧೂಳು ಬಿಡಿ ಎಂದಾಗ, ಕತ್ತರಿ ಕೆಳಗಿಟ್ಟು ಗಂಟು ಹೊತ್ತರು. ಬೇಲಿಯ ಪಕ್ಕ ನಿಂತ ಮೇಲೆ ಕೆಮ್ಮು ಊರು ಬಿಟ್ಟಿದೆ.

ಇಂದು ಭಾನುವಾರ. ನೀಲಮ್ಮ ನೇತುಹಾಕಿದ ಬಟ್ಟೆಗಳನ್ನೇ ಮತ್ತೆ ಮತ್ತೆ ಸರಿಪಡಿಸುತ್ತಿದ್ದಾರೆ. ಕಾರಣ ಸೌಮ್ಯಶ್ರೀ.

ಸೌಮ್ಯಶ್ರೀ ಇದೇ ಮೈದಾನದಲ್ಲಿ ಹೆಂಗಸರಿಗೆ ಸ್ಕೂಟರ್ ಕಲಿಸುತ್ತಾರೆ. ಕಲಿತವರೆಲ್ಲ ಲೈಸೆನ್ಸ್ ಪಡೆದು ಇಂದು ಮೊದಲ ಸಲ ಕೆಂಗೇರಿಯವರೆಗೆ ಸಾಲಾಗಿ ಸವಾರಿ ಹೊರಟಿದ್ದಾರೆ. ಎಲ್ಲರಿಗೂ ಒಂದೇ ಬಗೆಯ ಮುಖವಸ್ತ್ರ ಇರಲಿ ಎಂಬ ಆಸೆ. ಕಣದಲ್ಲಿ ಇಬ್ಬರು: ನೀಲಮ್ಮನ ಒಲ್ಲಿ, ಮತ್ತು ಅಂಗಡಿಗಳಲ್ಲಿ ಹೊಸದಾಗಿ ಬಂದಿರುವ ಎಲಾಸ್ಟಿಕ್ ಮುಸುಕು. ಮಿರಮಿರ ಮಿಂಚುವ ಇದನ್ನು ತಲೆಯಿಂದ ಎಳೆದುಕೊಂಡರೆ ಮುಗಿಯಿತು. ಅರ್ಧ ಜನ ಇದು, ಅರ್ಧ ಜನ ಅದು. ಕೆಂಗೇರಿಯಲ್ಲಿ ತೀರ್ಪು. ಅಕ್ಷರಶಃ ಮುಸುಕಿನ ಗುದ್ದಾಟ. ಕ್ಲಾಸಿನವರು ಎಲಾಸ್ಟಿಕ್ ಹಿಡಿದರೆ ಅವರನ್ನು ನೋಡಿ ಬೀದಿಯೂ ಹಿಡಿಯುತ್ತದೆ. ಆಗ ನೀಲಮ್ಮನಿಗೆ ಉಳಿಯುವುದು ಮತ್ತೆ ಅದೇ ಕತ್ತರಿ, ಅದೇ ಧೂಳು.

“ನೀಲಕ್ಕಾ, ಒಂದ್ ಮಾತು” ಎನ್ನುತ್ತಾರೆ ಸೌಮ್ಯಶ್ರೀ. “ನೀವು ಕಟ್ಟಿದ್ರೆ ಸೂಪರ್. ಆದ್ರೆ ರೋಡಲ್ಲಿ ಬಿಚ್ಹೋದ್ರೆ ನೀವು ಬರ್ತೀರಾ? ಅವರವ್ರೇ ಕಟ್ಕೊಳ್ಳೋ ಹಾಗಿರ್ಬೇಕು. ನಿಮಗೆ ನೀವೇ ಕಟ್ಕೊಂಡು ತೋರ್ಸಿ, ನೋಡ್ಕೊಂಡು ಕಲೀತಾರೆ.”

“ಅದೇನ್ ಮಹಾ ಮೇಡಮ್ಮ!”

ನೀಲಮ್ಮ ಇಟ್ಟಿಗೆಗೆಂಪಿನ ಒಲ್ಲಿ ತೆಗೆದು ತಲೆಗೆ ಸುತ್ತುತ್ತಾರೆ. ಮೂಗಿನ ಮೇಲೆ ತರುತ್ತಾರೆ. ಗಂಟು ಹಾಕುತ್ತಾರೆ. ಬಿಡುತ್ತಾರೆ. ಒಲ್ಲಿ ಮೆಲ್ಲಗೆ ಜಾರಿ ಕೊರಳಿಗೆ ಹಾರವಾಗುತ್ತದೆ. ಮತ್ತೆ ಸುತ್ತುತ್ತಾರೆ. ಈ ಸಲ ಮೂಗು ಹೊರಗೆ, ಕಣ್ಣು ಒಳಗೆ. ಮೂರನೆಯ ಸಲ ಹೆಬ್ಬೆರಳೇ ಗಂಟಿನೊಳಗೆ ಸಿಕ್ಕಿಕೊಳ್ಳುತ್ತದೆ.

ಯಾರಿಗೂ ಹೊಳೆಯದ ಸಂಗತಿ ಇದು. ಸಾವಿರಾರು ತಲೆಗಳಿಗೆ ಕಿವಿಗಂಟು ಹಾಕಿದ ನೀಲಮ್ಮ ತನ್ನ ತಲೆಗೆ ಒಮ್ಮೆಯೂ ಹಾಕಿಕೊಂಡಿಲ್ಲ. ಫ್ಯಾಕ್ಟರಿಯಲ್ಲಿ ಕಟ್ಟಿಕೊಂಡದ್ದು ಬರೀ ಹಿಂಗಂಟು, ಬಿಸಿಲಿಗೆ ಸೆರಗೇ ಸಾಕು. ಕಿವಿಗಂಟು ಎದುರು ನಿಂತವರಿಗಾಗಿ ಹುಟ್ಟಿದ ಗಂಟು. ಆಚೆಗೆ ತಳ್ಳಿ ಅಭ್ಯಾಸವಾದ ಕೈ, ಈಗ ತನ್ನತ್ತ ಎಳೆಯಬೇಕೆಂದರೆ ದಾರಿ ಮರೆತಿದೆ.

“ಪಾಠ ಮಾಡೋ ಟೀಚರ್‌ಗೇ ಪಾಠ ಬರಲ್ವಲ್ಲ!” ಎಂದು ನಗುವವರು ಕಮಲಾಕ್ಷಮ್ಮ. ಸ್ವತಃ ನಿವೃತ್ತ ಟೀಚರು, ದಪ್ಪ ಕನ್ನಡಕ, ಕ್ಲಾಸಿನ ಹಿರಿಯ ವಿದ್ಯಾರ್ಥಿನಿ. ಆಗಲೇ ಎಲಾಸ್ಟಿಕ್ ಮುಸುಕು ಎಳೆದುಕೊಂಡು ಸಿದ್ಧರಾಗಿದ್ದಾರೆ.

ನೀಲಮ್ಮನ ಮುಖ ಒಲ್ಲಿಯಷ್ಟೇ ಕೆಂಪು. ಸಮಾಧಾನದಲ್ಲಿದ್ದಾಗ ಅವರದು ಬೆಂಗಳೂರು ಕನ್ನಡ, ಕಂಗಾಲಾದರೆ ರಾಣೆಬೆನ್ನೂರು ಹೊರಬರುತ್ತದೆ. “ತಡೀರಿ ಸ್ವಲ್ಪ! ಕೈ ಎಲ್ಲಾ ಬಲ್ಲವು, ನಾನ ಅಡ್ಡ ಬಂದೇನಿ!” ಅತ್ತ ಇತ್ತ ನೋಡುತ್ತಾರೆ. ಸಾಲಾಗಿ ನಿಂತ ಸ್ಕೂಟರುಗಳು, ಸಾಲಾಗಿ ಕನ್ನಡಿಗಳು. ಹತ್ತಿರದ ಕನ್ನಡಿಯಲ್ಲಿ ಒಬ್ಬ ಹೆಂಗಸು ತಲೆಗೆ ಬಟ್ಟೆಯಿಲ್ಲದೆ, ದಿಕ್ಕು ತೋಚದೆ ಇವರನ್ನೇ ನೋಡುತ್ತಿದ್ದಾಳೆ. ಥೇಟ್ ಗಿರಾಕಿ!

“ಬಾರವ್ವಾ” ಎನ್ನುತ್ತಾರೆ ನೀಲಮ್ಮ ಕನ್ನಡಿಯವಳಿಗೆ. “ನಿಂದರು, ಅಳ್ಳಾಡಬ್ಯಾಡ.” ಕೈಗಳು ತಾವಾಗಿ ಹೊರಡುತ್ತವೆ. ಸುತ್ತು, ಮೂಗು, ಕಿವಿಯ ಕೆಳಗೆ ಗಂಟು. ತಲೆ ಅಲ್ಲಾಡಿಸುತ್ತಾರೆ, ಕುಣಿಯುತ್ತಾರೆ. ಒಲ್ಲಿ ಕದಲದು. ಮೈದಾನದ ಗೇಟಿನಲ್ಲಿ ಚಪ್ಪಾಳೆ. ಶಂಭುಲಿಂಗಪ್ಪನವರು ವಾಕಿಂಗ್ ನಿಲ್ಲಿಸಿ ಶಿಳ್ಳೆ ಹಾಕುತ್ತಾರೆ. ಒಲ್ಲಿ ಆರಿಸಿಕೊಂಡವರೂ ತಮ್ಮ ತಮ್ಮ ಗಾಡಿಯ ಕನ್ನಡಿಗೆ ಬಗ್ಗಿ, ತಮ್ಮ ತಮ್ಮ ಗಿರಾಕಿಗೆ ಕಟ್ಟಿಯೇಬಿಡುತ್ತಾರೆ.

ಕಾಲೇಜು ಹುಡುಗಿ ಸ್ಪಂದನ ಕೊನೆಯ ಗಳಿಗೆಯಲ್ಲಿ ಓಡಿಬರುತ್ತಾಳೆ. “ಆಂಟಿ, ನಂಗೆ ಆ ನವಿಲುನೀಲಿ! ಗಾಡಿಗೆ ಮ್ಯಾಚಿಂಗ್!” ಸಡಗರದಲ್ಲಿ ನೀಲಮ್ಮ ಗಂಟಿನಿಂದ ಹೊಚ್ಚಹೊಸದನ್ನೇ ಎಳೆದುಕೊಡುತ್ತಾರೆ.

ಸವಾರಿ ಹೊರಡುತ್ತದೆ. ನೀಲಮ್ಮ ಸೌಮ್ಯಶ್ರೀಯ ಹಿಂದಿನ ಸೀಟಿನಲ್ಲಿ, ಹೆಲ್ಮೆಟ್ ಧರಿಸಿ. ವಿಜಯನಗರ ದಾಟುವವರೆಗೂ ಅವರು ಮುಂದೆ ನೋಡಿಲ್ಲ. ತಿರುಗಿ ತಿರುಗಿ ಗಂಟುಗಳನ್ನೇ ಕಾಯುತ್ತಿದ್ದಾರೆ.

“ನೀಲಕ್ಕಾ, ನೆಟ್ಟಗೆ ಕೂತ್ಕೊಳ್ಳಿ! ಗಾಡಿ ವಾಲ್ತಾ ಇದೆ!”

ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಕಮಲಾಕ್ಷಮ್ಮನವರ ಗಾಡಿ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಎಲಾಸ್ಟಿಕ್ಕಿನಿಂದ ಆಚೆ ಹೋಗಲಾರದ ಉಸಿರೆಲ್ಲ ಮೇಲೇರಿ ಕನ್ನಡಕಕ್ಕೆ ಮಂಜು ಹಿಡಿದಿದೆ. “ಹೆಸ್ರಿಗೆ ಕಮಲಾಕ್ಷಿ, ಎದುರಿಗಿರೋ ಲಾರಿ ಕಾಣ್ಸಲ್ಲ ನಂಗೆ!” ಮುಸುಕು ಗದ್ದಕ್ಕಿಳಿಸಿ ಮುಂದುವರಿಯುತ್ತಾರೆ. ನೀಲಮ್ಮ ಒಳಗೊಳಗೇ ಗೆಲ್ಲುತ್ತಿದ್ದಾರೆ.

ಆ ಗೆಲುವು ಮೈಸೂರು ರಸ್ತೆಯವರೆಗೆ ಮಾತ್ರ. ಒಂದು ಲಾರಿ ಗಾಳಿ ಎಬ್ಬಿಸಿ ಹೋದದ್ದೇ, ಸ್ಪಂದನಳ ನವಿಲುನೀಲಿ ಬಿಚ್ಚಿ ಬಾಲ ಹಿಂದಕ್ಕೆ ಹಾರುತ್ತದೆ. ತುದಿ ಹಿಂದಿನ ಚಕ್ರದತ್ತ ಬಾಗುತ್ತಿದೆ.

“ಬಾಲಾ! ಬಾಲ ಬಿಟ್ಟೈತಿ! ನಿಂದರ್ಸವ್ವಾ!”

ಆ ಕುಕ್ಕರ್ ಸೀಟಿ ಮೈಸೂರು ರಸ್ತೆಯ ಹಾರ್ನುಗಳನ್ನೆಲ್ಲ ಸೀಳಿಕೊಂಡು ಹೋಗುತ್ತದೆ. ಸ್ಪಂದನ ಎಡಕ್ಕೆ ಸರಿದು ನಿಲ್ಲಿಸುತ್ತಾಳೆ. ಬಟ್ಟೆಗೂ ಚಕ್ರಕ್ಕೂ ನಡುವೆ ಉಳಿದದ್ದು ಒಂದು ಗೇಣು.

ಕೆಂಗೇರಿಯ ಮೆಟ್ರೊ ಕಂಬದ ನೆರಳಲ್ಲಿ ಗಾಡಿಗಳು ನಿಂತಾಗ ಸೌಮ್ಯಶ್ರೀಯ ಮುಖದಲ್ಲಿ ಸೌಮ್ಯವೂ ಇಲ್ಲ, ಶ್ರೀಯೂ ಇಲ್ಲ. “ನೀಲಕ್ಕಾ, ಇದು ತಮಾಷೆ ಅಲ್ಲ.”

ನೀಲಮ್ಮ ನವಿಲುನೀಲಿಯನ್ನು ಮುಷ್ಟಿಯಲ್ಲಿ ಹಿಂಡುತ್ತಾರೆ. ಬಟ್ಟೆ ಗರಗರ ಎನ್ನುತ್ತದೆ. “ಬಟ್ಟೇದಲ್ಲ ಮೇಡಮ್ಮ, ಹುಡುಗೀದೂ ಅಲ್ಲ. ನಂದು. ಒಗೀದೆ ಕೊಟ್ಟೆ. ದಿನಾ ಎಲ್ರಿಗೂ ಹೇಳೋಳು ಇವತ್ತು ನಾನೇ ಮರ್ತೆ.” ಪಕ್ಕದ ಹೋಟೆಲಿನಿಂದ ಒಂದು ಬಕೆಟ್ ನೀರು, ಒಂದು ಹಿಡಿ ಉಪ್ಪು ಕೇಳಿ ತರುತ್ತಾರೆ. ಬಟ್ಟೆ ತಿಕ್ಕಿ ತಿಕ್ಕಿ, ಹಿಂಡಿ, ಫಟ್ ಎಂದು ಕೊಡವುತ್ತಾರೆ. “ಕಟ್ಕೋ ಮಗಳೇ. ನಾನು ಮುಟ್ಟಲ್ಲ.”

ಸ್ಪಂದನ ಕನ್ನಡಿಗೆ ಬಗ್ಗಿ ಕಟ್ಟಿಕೊಂಡು, ಕೆಂಗೇರಿ ಉಪನಗರದ ಖಾಲಿ ರಸ್ತೆಯಲ್ಲಿ ಜೋರಾಗಿ ಹೋಗಿಬರುತ್ತಾಳೆ. ನೀಲಮ್ಮ ಉಸಿರು ಬಿಗಿಹಿಡಿದಿದ್ದಾರೆ. ಗಂಟು ಹಾಕಿದಲ್ಲೇ ಇದೆ. “ಮೇಡಂ, ಏಸಿ ಥರ ತಣ್ಣಗಿದೆ!”

ಅಷ್ಟು ಹೊತ್ತಿಗೆ ಉಳಿದವರ ಒಲ್ಲಿಗಳು ಬೇರೆ ಬೇರೆ ಉದ್ಯೋಗ ಹಿಡಿದಿವೆ. ಒಂದು ಕಾದ ಸೀಟಿಗೆ ಹಾಸು, ಒಂದು ಇಡ್ಲಿ ತಿಂದ ಕೈಗೆ ಟವೆಲು, ಇನ್ನೊಂದರಲ್ಲಿ ಸೀಬೆಹಣ್ಣಿನ ಗಂಟು. ಕಮಲಾಕ್ಷಮ್ಮ ಎಲಾಸ್ಟಿಕ್ ಮುಸುಕನ್ನು ಎಳೆದು, ಬಿಟ್ಟು, ಎಳೆದು ನೋಡುತ್ತಾರೆ. “ಇದು ನಮ್ಮನೆ ಉಪ್ಪಿನಕಾಯಿ ಜಾಡಿಗೆ ಸರಿಯಾಗುತ್ತೆ. ನೀಲಮ್ಮಾ, ನಂಗೊಂದು ಒಲ್ಲಿ. ಒಗ್ದಿರೋದು!”

ಸೌಮ್ಯಶ್ರೀ ಕಡೆಗೂ ನಗುತ್ತಾರೆ. “ಒಗೆದೇ ಕೊಡ್ಬೇಕು, ಒಂದನ್ನೂ ಬಿಡೋ ಹಾಗಿಲ್ಲ. ಇನ್ಮೇಲೆ ಕ್ಲಾಸಿಗೆ ಇದೇ. ಗಂಟು ಹಾಕೋ ಪಾಠಾನೂ ನಿಮ್ದೇ, ಪ್ರತಿ ಬ್ಯಾಚಿಗೂ.” ನೀಲಮ್ಮ ಕೆಂಗೇರಿಯ ಗಾಳಿಯನ್ನು ಎದೆ ತುಂಬ ಒಮ್ಮೆ ಎಳೆದುಕೊಳ್ಳುತ್ತಾರೆ. ಕೆಮ್ಮು ಬರುವುದಿಲ್ಲ.

ಹೊರಡುವ ಹೊತ್ತು. ಸೌಮ್ಯಶ್ರೀ ಗಾಡಿ ಸ್ಟಾರ್ಟ್ ಮಾಡಿ ಹಿಂದಿನ ಸೀಟು ತಟ್ಟುತ್ತಾರೆ. “ಹತ್ತಿ ನೀಲಕ್ಕಾ.”

“ಒಲ್ಲೆ.”

ಅಭ್ಯಾಸಬಲ, ಕೇಳಿದವರ ಕಿವಿಗೆ ಅದು ಒಲ್ಲಿ. ನಾಲ್ಕು ಕಡೆಯಿಂದ ನಾಲ್ಕು ಕೈಗಳು ನಾಲ್ಕು ಒಲ್ಲಿಗಳನ್ನು ಚಾಚುತ್ತವೆ.

“ಒಲ್ಲಿ ಅಲ್ರವ್ವಾ, ಒಲ್ಲೆ!” ನೀಲಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾರೆ. “ಬೆಂಗ್ಳೂರಿಗ್ ಬಂದು ಇಷ್ಟ್ ವರ್ಷಕ್ಕೆ ಮೊದಲ್ನೇ ಸಲ ನಿಜವಾಗ್ಲೂ ಒಲ್ಲೆ ಅಂತಿದೀನಿ. ಹಿಂದೆ ಕೂರೋದು ಇವತ್ತಿಗೇ ಕೊನೆ, ಇನ್ಮೇಲೆ ಒಲ್ಲೆ ಮೇಡಮ್ಮ. ಮುಂದಿನ ಬ್ಯಾಚಲ್ಲಿ ನನ್ನೂ ಸೇರಿಸ್ಕೊಳ್ಳಿ. ಮುಂದೆ ಕೂರ್ತೀನಿ.”

ಹೇಳುತ್ತಲೇ ಇಟ್ಟಿಗೆಗೆಂಪನ್ನು ತಲೆಗೆ ಸುತ್ತಿ, ಕಿವಿಯ ಕೆಳಗೆ ಗಂಟು ಹಾಕಿ, ತುದಿ ಒಳಗೆ ಸಿಕ್ಕಿಸುತ್ತಾರೆ. ಸ್ಪಂದನ ತನ್ನ ಗಾಡಿಯ ಕನ್ನಡಿಯನ್ನು ಅವರತ್ತ ತಿರುಗಿಸುವಷ್ಟರಲ್ಲಿ ಕೆಲಸ ಮುಗಿದಿದೆ.

“ಆ ಕಡೆ ತಿರುಗ್ಸಮ್ಮಾ” ಎನ್ನುತ್ತಾರೆ ನೀಲಮ್ಮ. “ಕನ್ನಡಿ ಇರೋದು ಹಿಂದೆ ಬರೋರ್ನ ನೋಡೋಕೆ.”