ನಿಲ್ಲಿಸಬೇಕಾಗಿದ್ದ ಗುಳಿಗೆ

ಬಿ.ಪಿ. ಗುಳಿಗೆ ನುಂಗುವ ಶಿಸ್ತಿನಲ್ಲಿ ತನ್ನನ್ನು ಮೀರಿಸುವವನು ಉಪ್ಪಲ್‌ನಿಂದ ಮಿಯಾಪುರದವರೆಗೆ ಹುಟ್ಟಿಲ್ಲವೆಂದು ಸಿದ್ದರಾಮಪ್ಪ ಹೇಳುತ್ತಿದ್ದರು. ಸುಲ್ತಾನ್ ಬಜಾರಿನಲ್ಲಿ ಗಡಿಯಾರ ರಿಪೇರಿ ಮಾಡುವವರು. ಇಪ್ಪತ್ತೆರಡು ವರ್ಷ, ಬೆಳಿಗ್ಗೆ ಆರಕ್ಕೆ ಲಿಂಗಪೂಜೆ ಮುಗಿಸಿ, ತೀರ್ಥದ ಜೊತೆಗೇ ಗುಳಿಗೆ. ತನ್ನ ಗಂಟಲಿನ ಗುಟುಕು ಕೇಳಿಯೇ ಸೂರ್ಯ ಹೊರಡುವುದು, ಒಂದು ದಿನ ತಡವಾದರೆ ಹೈದರಾಬಾದಿಗೆ ಬೆಳಕೇ ಇಲ್ಲ ಎಂದು ಗಿರಾಕಿಗಳನ್ನು ನಂಬಿಸಿದ್ದರು.

ಅಂಥವರ ಎದೆಯೊಳಗೆ ಮೂರು ನಾಳ ಕಟ್ಟಿದ್ದವು. ಬೈಪಾಸ್ ಸರದಿಗಾಗಿ ಎರಡು ತಿಂಗಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತರು. ಬೇಸತ್ತು ಬೆಂಚೇ ಎದ್ದು ಹೋಗುವಷ್ಟು ಕೂತರು. ಕೊನೆಗೂ ದಿನ ಗೊತ್ತಾದಾಗ, ಬೀದರ್ ಕಡೆಯ ಡಾಕ್ಟರ್ ಅನುರಾಧಾ ಹೇಳಿದರು: "ಈ ಒಂದು ಗುಳಿಗಿ ಎರಡು ದಿನ ಮೊದಲೇ ನಿಲ್ಲಸ್ರಿ. ಆಪರೇಷನ್‌ದಾಗ ಬಿ.ಪಿ. ಭಾಳ ಇಳಿದ್ರ ಕಿಡ್ನಿಗೆ ರಕ್ತ ಸಾಲಂಗಿಲ್ಲ. ಎಲ್ಲಾರಿಗೂ ಹಂಗಾಗ್ತದಂತಲ್ಲ, ಆದ್ರ ನಿಮ್ಮ ಕಿಡ್ನಿ ಮೊದಲೇ ದಣಿದಾವ. ಉಳಿದ ಗುಳಿಗಿ ನಾ ಹೇಳಿದಂಗ ತಗೋರಿ."

ಹೆಂಡತಿ ಶರಣಬಸಮ್ಮ ಗುಳಿಗೆಯ ಡಬ್ಬಿಗೆ ಬೀಗ ಹಾಕಿದರು. ಎರಡು ಬೆಳಗೂ ಪೂಜೆಯ ಎದುರೇ ಕೂತು ಕಾವಲು ಕಾದರು. ವಿಭೂತಿ ಚೀಲದಲ್ಲಿ ಗಂಡ ಆಪತ್ಕಾಲಕ್ಕೆಂದು ಇಟ್ಟಿದ್ದ ಗುಳಿಗೆ ಪಟ್ಟಿಯ ಒಂದು ತುಂಡು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಆಪರೇಷನ್ ದಿನ ಹೆಂಡತಿ ಕಾಗದಕ್ಕೆ ಸಹಿ ಹಾಕಲು ಹೋಗಿದ್ದಾಗ ಸಿದ್ದರಾಮಪ್ಪ ಆಸ್ಪತ್ರೆಯ ಮಂಚದ ಮೇಲೇ ಪೂಜೆ ಮುಗಿಸಿದರು. ಉಪವಾಸ, ತೀರ್ಥವೂ ಇಲ್ಲ. ಆದರೂ ಕೈ ತಾನೇ ಚೀಲಕ್ಕೆ ಹೋಯಿತು. ಗುಳಿಗೆ ಗಂಟಲು ದಾಟಿದ ಮೇಲೆ ಎಚ್ಚರವಾಯಿತು.

ಶರಣಬಸಮ್ಮ ಬಂದು ಖಾಲಿ ಪಟ್ಟಿ ನೋಡಿದರು. "ಏನ್ ನುಂಗಿದ್ರಿ?"

"ಸುಮ್ಮನಿರು ಮಾರಾಯ್ತಿ. ಹೇಳಿದ್ರ ಮನಿಗೆ ಕಳಸ್ತಾರ. ಮತ್ತ ಆ ಬೆಂಚು ನನ್ನ ಕೈಲಿ ಆಗಂಗಿಲ್ಲ."

"ಕಿಡ್ನಿ ಹೋದ್ರ ಬೆಂಚಲ್ಲ, ಡಯಾಲಿಸಿಸ್ ಮಂಚ. ನೀವು ಹೇಳ್ತೀರೋ, ನಾ ಹೇಳಲೋ?"

ಗಾಲಿಮಂಚ ಬಾಗಿಲಿಗೆ ಬಂದೇಬಿಟ್ಟಿತು. ಅರವತ್ತೇಳು ವರ್ಷದ ದಣಿವೆಲ್ಲ ಒಟ್ಟಿಗೆ ಹೆಗಲೇರಿದಂತಾಯಿತು ಸಿದ್ದರಾಮಪ್ಪನವರಿಗೆ. "ಮೇಡಂನ್ನ ಕರೀರಿ," ಎಂದರು ನರ್ಸಿಗೆ, "ನಾ ಗುಳಿಗಿ ನುಂಗೀನಿ."

ಅನುರಾಧಾ ಬಂದು ಆಪರೇಷನ್ನನ್ನು ಎರಡು ದಿನ ಮುಂದೂಡಿದರು. ಮನೆಗೇನೂ ಕಳಿಸಲಿಲ್ಲ. ಚೀಲ ಜಾಡಿಸಿ ನೋಡುತ್ತಾ ಕೇಳಿದರು: "ಏನ್ರಿ ಅಜ್ಜಾರ, ಅಷ್ಟು ತಿಳಿಸಿ ಹೇಳಿದ್ದೆನಲ್ಲ?"

"ನುಂಗು ಅಂತ ನೀವು ಡಾಕ್ಟರ್ ಮಂದಿ ವರ್ಷಾನುಗಟ್ಟಲೆ ಬೈದು ಕಲಿಸಿದ್ರಿ. ನಿಲ್ಲಸು ಅಂತ ಒಮ್ಮೆ ಹೇಳಿದ್ರಿ," ಸಿದ್ದರಾಮಪ್ಪ ಕಣ್ಣು ಮುಚ್ಚಿಕೊಂಡೇ ಅಂದರು, "ಅದೂ ನನ್ನ ಕಿವಿಗೆ ಹೇಳಿದ್ರಿ ಮೇಡಂ. ಕೈಗೆ ಯಾರು ಹೇಳಬೇಕ್ರಿ?"