ತೆಂಕಲ ಬಾಗಿಲ ಮನೆ

ಮೊನ್ನೆ ಮಾನ್ವಿಯಿಂದ ರಾಯಚೂರಿಗೆ ಹೊರಟಿದ್ದೆ. ಊರು ಇನ್ನೇನು ಬಂತು ಅನ್ನುವಾಗ ಬಸ್ಸಿನ ಗಾಲಿ ಗಾಳಿ ಬಿಟ್ಟಿತು. ಎಲ್ಲರೂ ಇಳಿದು ರಸ್ತೆಯ ಅಂಚಿಗೆ ನಿಂತೆವು. ಹಸಿ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ನೋಡಿದರೆ, ಹೋದ ವರ್ಷ ತೊಗರಿ ಬೆಳೆದಿದ್ದ ಹೊಲದಲ್ಲಿ ಕಲ್ಲು ನೆಟ್ಟು ಪ್ಲಾಟು ಮಾಡಿದ್ದಾರೆ. ಏಣಿ ಹತ್ತಿದ್ದವನೊಬ್ಬ ದೊಡ್ಡ ಬೋರ್ಡಿನ ಮೇಲೆ ಬರೆಯುತ್ತಿದ್ದ: ಎಲ್ಲ ನಿವೇಶನಗಳೂ ಪೂರ್ವ ದಿಕ್ಕಿಗೆ.

ನನಗೆ ಬಾಯಿ ಸುಮ್ಮನಿರುವುದಿಲ್ಲ. "ಎಲ್ಲಾನೂ ಮೂಡಲಕ್ಕಾದ್ರ ಎದುರಿನ ಸಾಲಿನ ಮಂದಿ ಬೆನ್ನ ತಿರಿಗಿಸಿ ಕುಂದರತಾರೇನಪಾ?" ಎಂದೆ.

ಅವನು ಕುಂಚ ಎತ್ತದೆ ಹೇಳಿದ: "ನಾ ಅಕ್ಷರ ಬರಿಯಾಂವರೀ ಅಜ್ಜ. ದಿಕ್ಕು ಮಾಡಾಂವಲ್ಲ."

ಒಳ್ಳೆಯ ಉತ್ತರ. ನಗು ಬಂತು. ದಿಕ್ಕು ಮಾಡುವ ಕೆಲಸಕ್ಕೆ ಒಮ್ಮೆ ನಾನೇ ಕೈ ಹಾಕಿದ್ದು ನೆನಪಾಯಿತು. ಗಾಲಿ ಕಟ್ಟುವತನಕ ನೀವೂ ನನ್ನ ಜೊತೆ ಈ ಅಂಚಿನಲ್ಲಿ ನಿಂತಿರಿ, ಹೇಳುತ್ತೇನೆ.

ನಾವು ಪಿಂಜಾರರು. ಹತ್ತಿ ಹಿಂಜಿ ಗಾದಿ ಹೊಲಿಯುವವರು. ಮೂಲ ಊರು ದೇವದುರ್ಗದ ಕಡೆ, ಕೃಷ್ಣೆಯ ದಂಡೆಯ ಗೂಗಲ್ಲಿನ ಹತ್ತಿರ. ನಾಲ್ಕನೆಯ ಇಯತ್ತೆಯಲ್ಲಿ ನನಗೆ ಶಾಲೆ ಬಿಡಿಸಿದ್ದು ಬಡತನ ಅಂತ ಹೇಳಿದರೆ ನಿಮಗೆ ಮರುಕ ಬಂದೀತು, ಆದರೆ ಅದು ಪೂರ್ತಿ ನಿಜವಲ್ಲ. ಅಪ್ಪನ ಹಿಂಜುವ ಬಿಲ್ಲು ನನ್ನ ಕೈಗೆ ಬಹಳ ಬೇಗ ಒಲಿಯಿತು. ಮಾಸ್ತರರ ಛಡಿಗಿಂತ ಆ ಬಿಲ್ಲಿನ ನಾದ ನನಗೆ ಹಿತವಾಗಿತ್ತು. ಓದುವುದನ್ನು ಮಾತ್ರ ಬಿಡಲಿಲ್ಲ. ನಿಧಾನವಾಗಿ ಓದುತ್ತೇನೆ, ಒಂದೊಂದೇ ಅಕ್ಷರ ಮುಟ್ಟಿಕೊಂಡು. ಅವಸರದಲ್ಲಿ ಓದುವವರು ಬಿಟ್ಟದ್ದು ಎಷ್ಟೋ ಸಲ ನನ್ನ ಬೆರಳಿಗೆ ಸಿಕ್ಕಿದೆ. ಹತ್ತಿಯಲ್ಲಿ ಬೀಜ ಸಿಕ್ಕ ಹಾಗೆ.

ಮದುವೆಯಾದ ಮೇಲೆ ರಾಯಚೂರಿಗೆ ಬಂದೆ. ಹೆಗಲ ಮೇಲೆ ಬಿಲ್ಲು, ಕೈಯಲ್ಲಿ ಅದರ ಹೆದೆಗೆ ಹೊಡೆಯುವ ಕೊಡತಿ, ಓಣಿ ಓಣಿಗೂ ಕೂಗು. ಮುಂದೆ ಹಳೆಯದೊಂದು ಹಿಂಜುವ ಮಶೀನು ಕೊಂಡು ಬಾಡಿಗೆಯ ಕೋಣೆಯಲ್ಲಿ ಇಟ್ಟೆ. ಹತ್ತಿಯ ಧೂಳು ಕಂಡರೆ ಆಗದ ಮಾಲೀಕರು ನಮ್ಮನ್ನು ಒಂದು ಕಡೆ ನಿಲ್ಲಗೊಡಲಿಲ್ಲ. ಪ್ರತಿ ಸಲ ಮಶೀನು ಬಂಡಿಯ ಮೇಲೆ ಹೇರಿದಾಗ ನನ್ನ ಹೆಂಡತಿ ಕಾಸಿಂಬಿ ಒಂದೇ ಮಾತು ಹೇಳುತ್ತಿದ್ದಳು: "ಗಾದಿ ಮಾಡಾಂವಗ ಮಲಗಾಕ ಜಾಗ ಇಲ್ಲ ನೋಡ್ರಿ." ಆ ಮಾತು ನನಗೆ ನಾಟುತ್ತಿತ್ತು. ಮಂದಿಯೇ ಗಾದಿ ಹೊತ್ತುಕೊಂಡು ಹುಡುಕಿಕೊಂಡು ಬರುವಂಥ ಒಂದು ಜಾಗ, ಅದರ ಕಾಗದದಲ್ಲಿ ನನ್ನ ಹೆಸರು. ಬೇಕಾಗಿದ್ದದ್ದು ಅಷ್ಟೇ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಾನ್ವಿಯಲ್ಲಿ ಒಂದು ಮನೆ ಹರಾಜಿಗೆ ಬಂತು. ಅಣ್ಣ ತಮ್ಮ ಇಬ್ಬರು ಪಾಲಿಗಾಗಿ ಕೋರ್ಟು ಹತ್ತಿದ್ದರು. ಮನೆ ಒಂದೇ ಅಂಕಣದ್ದು, ನಡುವೆ ಗೋಡೆ ಎಬ್ಬಿಸಿದರೆ ಇಬ್ಬರಿಗೂ ಅಡಿಗೆಮನೆಯಾಗಲಿ ಪಡಸಾಲೆಯಾಗಲಿ ಉಳಿಯುತ್ತಿರಲಿಲ್ಲ. ಮಾರಿ ಹಣ ಹಂಚಿಕೊಳ್ಳಿ ಎಂದು ಕೋರ್ಟು ಹೇಳಿತು. ಅಮೀನರು, ಅಂದರೆ ಕೋರ್ಟಿನ ಹುಕುಂ ಜಾರಿ ಮಾಡುವವರು, ಮನೆಯ ಮುಂದೆ ಹಲಗೆ ಬಾರಿಸಿ ಸವಾಲು ಕೂಗಿದರು. ಕೂಗಲು ನಿಂತವರು ಬಹಳ ಮಂದಿ ಇರಲಿಲ್ಲ. ಅಣ್ಣತಮ್ಮಂದಿರು ಜಗಳಾಡಿದ ಮನೆ ಹಿಡಿದರೆ ಜಗಳವೂ ಜೊತೆಗೆ ಬರುತ್ತದೆ ಅನ್ನುವುದು ನಮ್ಮ ಕಡೆಯ ಮಂದಿಯ ನಂಬಿಕೆ. ನಾನು ನೋಡಿದ್ದು ಗಟ್ಟಿ ಕಲ್ಲಿನ ಗೋಡೆ, ಹಿಂದೆ ಹತ್ತಿ ಒಣಗಿಸಲು ಹಿತ್ತಲು. ಮೂರನೆಯ ಕೂಗಿಗೆ ಮನೆ ನನ್ನದಾಯಿತು.

ನನ್ನದಾಯಿತು ಎಂದರೆ, ಬಾಯಿಮಾತಿಗೆ. ಹರಾಜಿನಲ್ಲಿ ಹಿಡಿದ ಆಸ್ತಿ ಹಿಡಿದ ದಿನವೇ ನಮ್ಮದಾಗುವುದಿಲ್ಲ. ಹಣ ಪೂರ್ತಿ ಕಟ್ಟಬೇಕು. ತಕರಾರು ಇದ್ದವರು ಬರಲಿ ಎಂದು ಕೋರ್ಟು ಕಾಯುತ್ತದೆ. ಆಮೇಲೆ ಹರಾಜನ್ನು ಕಾಯಂ ಮಾಡಿ ಖರೀದಿಯ ಸರ್ಟಿಫಿಕೇಟು ಕೊಡುತ್ತದೆ. ಅದು ನೋಂದಣಿ ಕಚೇರಿಯ ದಫ್ತರಿಗೆ ಸೇರಬೇಕು. ಕೊನೆಗೆ ಊರ ಆಡಳಿತದ ಖಾತೆಯಲ್ಲಿ ಹೆಸರು ಏರಬೇಕು. ಕೋರ್ಟಿನ ಬೇವಿನ ಮರದ ಕೆಳಗೆ ಕೂತು ಕಾಗದಪತ್ರ ಬರೆದುಕೊಡುತ್ತಿದ್ದ ಬಾಂಡ್ ರೈಟರು ನನ್ನನ್ನು ನೋಡಿ, "ಸಾಬ, ನಿನಗ ಇದು ಹರಿಯೂದಿಲ್ಲ. ನನಗ ಬಿಡು. ನೀ ಹತ್ತಿ ಹಿಂಜು, ನಾ ಕಾಗದ ಹಿಂಜತೀನಿ" ಎಂದರು. ಮಾತು ಚೆನ್ನಾಗಿತ್ತು. ಆದರೆ ನನ್ನ ಸ್ವಂತ ಮನೆಯ ಕಾಗದವನ್ನು ಇನ್ನೊಬ್ಬರ ಕೈಯಲ್ಲಿ ಹಿಂಜಿಸಿಕೊಳ್ಳುವ ಮನಸ್ಸು ನನಗಿರಲಿಲ್ಲ. "ನಿಮ್ಮ ಗಾದಿ ಇದ್ರ ಕಳಸ್ರಿ, ಚಲೋ ಹಿಂಜಿ ಕೊಡ್ತೀನಿ" ಎಂದು ನಾನೇ ಸಾಲಿನಲ್ಲಿ ನಿಂತೆ.

ಸರ್ಟಿಫಿಕೇಟಿನ ಕರಡನ್ನು ಓದಿ ನೋಡಿಕೊಳ್ಳಲು ಕೊಟ್ಟರು. ಕೋರ್ಟಿನ ಮೆಟ್ಟಿಲ ಮೇಲೆ ಕುಳಿತು ಬೆರಳಿಟ್ಟು ಓದಿದೆ. ಚಕ್ಕುಬಂದಿಗೆ ಬಂದೆ. ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಹೇಳುವ ಭಾಗ ಅದು. "ಪೂರ್ವಕ್ಕೆ ರಸ್ತೆ ಮತ್ತು ಮುಂಬಾಗಿಲು" ಎಂದಿತ್ತು. ನನ್ನ ಬೆರಳು ಅಲ್ಲಿಯೇ ನಿಂತಿತು. ರಸ್ತೆ ಪೂರ್ವಕ್ಕಿದ್ದರೆ ಬೆಳಗಿನ ಬಿಸಿಲು ಪಡಸಾಲೆಗೆ ಬೀಳಬೇಕು. ನಾನು ಆ ಮನೆಯ ಬಾಗಿಲಿಗೆ ಮುಖ ಮಾಡಿ ಬೆಳಿಗ್ಗೆ ನಿಂತವನು, ಬಿಸಿಲು ಬಿದ್ದದ್ದು ನನ್ನ ಬಲಗೆನ್ನೆಗೆ, ಬಾಗಿಲಿಗಲ್ಲ. ಕಾಗದದಲ್ಲಿ ಮನೆ ಒಂದು ಮಗ್ಗುಲು ಹೊರಳಿ ಮಲಗಿತ್ತು. ಅಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಅದೇ ಸಾಲಿನ ತುದಿಯ ಮನೆಗೆ ನಿಜವಾಗಿಯೂ ಪೂರ್ವಕ್ಕೆ ರಸ್ತೆ ಇತ್ತು. ಕಾಗದದ ಪ್ರಕಾರ ನಾನು ಹಿಡಿದದ್ದು ಅವರ ಮನೆ!

ಇದು ಹೇಗಾಯಿತು ಎಂದು ಮಾನ್ವಿಯ ಓಣಿಯಲ್ಲಿ ಕೇಳಿದರೆ ಯಾರೂ ನೆಟ್ಟಗೆ ಹೇಳಲಿಲ್ಲ. ನಿಧಾನವಾಗಿ ತಿಳಿಯಿತು. ಮನೆಯ ನಿಜವಾದ ಬಾಗಿಲು, ರಸ್ತೆ ಎರಡೂ ತೆಂಕಲಕ್ಕೆ, ಅಂದರೆ ದಕ್ಷಿಣಕ್ಕೆ; ಅದು ಯಮನ ದಿಕ್ಕು. ತೆಂಕಲ ಬಾಗಿಲ ಮನೆಗೆ ಹೆಣ್ಣು ಕೊಡಲು, ಆ ಮನೆಯಿಂದ ಹೆಣ್ಣು ತರಲು ಮಂದಿ ಹಿಂದೆ ಮುಂದೆ ನೋಡುತ್ತಿದ್ದರು. ಅದಕ್ಕೆ ಅಣ್ಣತಮ್ಮಂದಿರ ಅಪ್ಪ ಪೂರ್ವದ ಗೋಡೆ ಒಡೆದು ಒಂದು ಸಣ್ಣ ಬಾಗಿಲು ಇಡಿಸಿ, ಅದನ್ನೇ ಮುಂಬಾಗಿಲು ಎಂದು ಸಾರಿದ್ದ. ಆ ಬಾಗಿಲು ತೆರೆದರೆ ಎದುರಿಗೆ ಬಾಜು ಮನೆಯ ಗೋಡೆ, ನಡುವೆ ಒಂದು ಮೊಳದ ಸಂದಿ. ಮನೆಗೆ ಬಂದ ಸೊಸೆಯರು ಆ ಸಂದಿಯಲ್ಲಿ ಅಡ್ಡಡ್ಡ ನಡೆದು, ಸೇರು ಒದ್ದು ಒಳಗೆ ಬಂದಿದ್ದರಂತೆ. ಮಾರನೆಯ ದಿನದಿಂದ ಎಲ್ಲರೂ ತೆಂಕಲ ಬಾಗಿಲಿನಿಂದಲೇ ಓಡಾಟ. ದಾವೆಯ ಕಾಗದ ಬರೆಸುವಾಗಲೂ ಅಣ್ಣ ಶರಣಪ್ಪನವರು ರೂಢಿಯಂತೆ "ಮೂಡಲ ಬಾಗಲ, ಮುಂದ ರಸ್ತಾ" ಅಂದಿದ್ದರು. ಬರೆದವರು ಬರೆದುಕೊಂಡಿದ್ದರು. ಊರು ಗೊತ್ತಿಲ್ಲದವರು ಮಾಡುವ ತಪ್ಪಲ್ಲ ಅದು. ಊರಿನವರೇ, ಗೊತ್ತಿದ್ದೂ, ಮರ್ಯಾದೆಗಾಗಿ ಮಾಡುವ ತಪ್ಪು.

ಬಾಂಡ್ ರೈಟರು, "ದಿಕ್ಕು ತಿರುಗಿದ್ರ ತಿರಗವಲ್ದ್ಯಾಕ. ದಫ್ತರಿನ್ಯಾಗ ಹೋಗಿ ಕುಂತ್ರ ಆತು" ಎಂದರು. ನಾನು ಒಪ್ಪಲಿಲ್ಲ. ತಿದ್ದುಪಡಿಗೆ ನಾನೇ ಅರ್ಜಿ ಬರೆದೆ, ಕೋಳಿ ಕೆದರಿದಂಥ ಅಕ್ಷರದಲ್ಲಿ. ಕೋರ್ಟಿನಲ್ಲಿ ಓದಿ ಹೇಳಿದರು: ಅಣ್ಣತಮ್ಮ ಇಬ್ಬರೂ ಒಪ್ಪಬೇಕು, ಅಮೀನರು ಜಾಗದ ಮೇಲೆ ಅವರ ಹೇಳಿಕೆ ಬರೆದುಕೊಂಡು ಬರಬೇಕು. ಒಪ್ಪದಿದ್ದರೆ ಹರಾಜೇ ರದ್ದಾದರೂ ಆದೀತು. ತಮ್ಮ ರಾಯಚೂರಿನಲ್ಲೇ ಇದ್ದ, ಕೂಡಲೇ ಸಹಿ ಹಾಕಿದ. ಉಳಿದವರು ಶರಣಪ್ಪನವರು. ಅವರು ಮನೆ ಬಿಟ್ಟು ಕಲ್ಲೂರಿನ ಹೊಲದ ಮನೆಗೆ ಹೋಗಿ ಕುಳಿತಿದ್ದರು.

ಸೈಕಲ್ ತುಳಿದು ಕಲ್ಲೂರಿಗೆ ಹೋದೆ. ಅಂಗಳದಲ್ಲಿ ಹತ್ತಿಯ ರಾಶಿ ಬಿದ್ದಿತ್ತು. ನನ್ನ ಕೈ ಕೇಳಬೇಕಲ್ಲ, ಒಂದು ಚಿಟಿಕೆ ಎತ್ತಿ ಎಳೆ ಜಗ್ಗಿ ನೋಡಿದೆ. ಶರಣಪ್ಪನವರು ಹಗ್ಗದ ಹೊರಸಿನ ಮೇಲೆ ಕುಳಿತಲ್ಲಿಂದಲೇ ಕೇಳಿದರು: "ಹತ್ತಿ ನೋಡಾಕ ಬಂದೀಯೋ, ನನ್ನ ನೋಡಾಕ ಬಂದೀಯೋ?"

"ಹತ್ತಿ ಚಲೋ ಅದರೀ ಸಾವ್ಕಾರ್ರ. ನಿಮ್ಮನ್ನ ಇನ್ನೂ ನೋಡಿಲ್ಲ" ಎಂದೆ.

ಮೀಸೆಯಲ್ಲೇ ನಕ್ಕರು. ಬಂದ ಕೆಲಸ ಹೇಳಿದೆ. ನಗು ಹೋಯಿತು.

"ಅಲ್ಲೋ ಸಾಬ, ಓಣಿ ಮಂದಿ ಮುಂದ ನಿಂತು ನಮ್ಮದು ತೆಂಕಲ ಬಾಗಲ ಅಂತ ಹೇಳಂತಿ ನನಗ? ನಮ್ಮ ತಂಗ್ಯಾರ ಲಗ್ನ ಆಗಿದ್ದ ಆ ಮೂಡಲ ಬಾಗಲದ ಮ್ಯಾಲ. ಬೀಗರು ನಾಳಿ ಏನಂತಾರ? ನಮ್ಮಪ್ಪ ಸತ್ತು ಸುಣ್ಣಾಗ್ಯಾನ, ಅವನ್ನ ಸುಳ್ಳಗಾರ ಮಾಡ್ಲೇನು?"

"ನಮಗ ದಿಕ್ಕಿನ ಹಂಗ ಇಲ್ಲರೀ. ನಮಾಜಿಗೆ ಪಡುವಲಕ್ಕ ಮುಖ ಮಾಡಿ ನಿಂತ್ರ ಆತು, ಬಾಗಲ ಎತ್ತಾಗಿದ್ರೇನು."

"ನಿನಗ ಹಂಗಿಲ್ಲ ಅಂದಮ್ಯಾಲೆ ಇದ್ದಂಗ ಇರ್ಲಿ ಬಿಡು."

ನನ್ನ ಮಾತಿನಿಂದಲೇ ನನ್ನನ್ನು ಹಿಡಿದರು. ಆದರೂ ಹೇಳಿದೆ: "ಇದ್ದಂಗ ಬಿಟ್ರ ನನ್ನ ಹೆಸರಿಗೆ ತುದಿ ಮನಿ ಬರತದರೀ. ಅವರು ಬಂದು ನನ್ನ ಕೊಳ್ಳಪಟ್ಟಿ ಹಿಡಿತಾರ, ಅದು ನನ್ನ ಪಾಡು. ಆದ್ರ ನಿಮ್ಮಪ್ಪ ಕಟ್ಟಿಸಿದ ಮನಿ? ಅದು ನಿಮ್ಮ ಹೆಸರಿಗೂ ಇಲ್ಲ, ನನ್ನ ಹೆಸರಿಗೂ ಇಲ್ಲ. ಸರಕಾರದ ಕಾಗದದಾಗ ಅಂಥಾ ಮನೀನೇ ಇಲ್ಲದಂಗ ಆಗತದ."

ಅವರು ಒಳಗೆ ಕೂಗಿ ನನಗೆ ಮಜ್ಜಿಗೆ ಕೊಡಿಸಿದರು. ಕುಡಿದು ಬಂದೆ. ಕಾಸಿಂಬಿ ಕೇಳಿದಳು, "ಏನಂದ್ರು?" "ಮಜ್ಜಿಗಿ ಕೊಟ್ರು" ಎಂದೆ. "ಹುಳಿ ಇತ್ತೋ ಸಿಹಿ ಇತ್ತೋ?" ಎಂದಳು. ಅವಳು ಯಾವಾಗಲೂ ಹಾಗೆ, ನನ್ನ ಹೊಟ್ಟೆಯೊಳಗಿನ ಮಾತನ್ನು ಇಂಥ ಪ್ರಶ್ನೆಯಿಂದಲೇ ಹೊರಗೆ ಎಳೆಯುತ್ತಾಳೆ. ನಾನು ಹೇಳಿದೆ, ಅವರು ಬರುತ್ತಾರೆ. ಯಾಕೆ ಹಾಗೆ ಹೇಳಿದೆನೋ. ನನಗೆ ನನ್ನ ಕೆಲಸದ ಮೇಲೆ ನಂಬಿಕೆ ಇದ್ದ ಹಾಗೆ, ಮನೆ ಕಟ್ಟಿದವನ ಮಗನ ಮೇಲೂ ಇತ್ತು ಅಂತ ಕಾಣುತ್ತದೆ.

ಅಮೀನರು ಬಂದ ದಿನ ಓಣಿಯ ಮಂದಿಯೆಲ್ಲ ಕಟ್ಟೆಯ ಮೇಲಿದ್ದರು. ಶರಣಪ್ಪನವರು ಬಿಳಿ ರುಮಾಲು ಸುತ್ತಿ, ಲಗ್ನಕ್ಕೆ ಬಂದವರ ಹಾಗೆ ಬಂದರು. ನನ್ನ ಕಡೆ ನೋಡಲಿಲ್ಲ. ಅಮೀನರು ಪೆನ್ನು ತೆಗೆದು ಕೇಳಿದರು, "ಸೂರ್ಯ ಎತ್ತಾಗ ಹುಟ್ಟತಾನ, ತೋರಸ್ರಿ."

ಶರಣಪ್ಪನವರು ಸಂದಿಯ ಕಡೆ ಕೈ ಚಾಚಿದರು.

"ಹಂಗಾದ್ರ ಈ ದೊಡ್ಡ ಬಾಗಲ?"

"ಕಣ್ಣ ಅದಾವಲ್ಲ, ಬರಕೋರಿ."

"ನನ್ನ ಕಣ್ಣಲ್ರೀ, ನಿಮ್ಮ ಬಾಯಿ ಬೇಕು."

ನನ್ನ ಕಾಗದ, ನನ್ನ ಮಶೀನು, ಕಾಸಿಂಬಿಯ ಆ ಮಾತು, ಎಲ್ಲವೂ ಒಬ್ಬ ಮನುಷ್ಯನ ತುಟಿಯ ಮೇಲೆ ನಿಂತಿದ್ದವು. ಅವರು ರುಮಾಲು ಸರಿಮಾಡಿಕೊಂಡರು.

"ತೆಂಕಲ" ಎಂದರು. ಆಮೇಲೆ ಇನ್ನಷ್ಟು ಗಟ್ಟಿಯಾಗಿ, ಕಟ್ಟೆಯ ಕಡೆ ತಿರುಗಿ: "ತೆಂಕಲ ಬಾಗಲ. ನಮ್ಮಪ್ಪ ಮಕ್ಕಳ ಸಲುವಾಗಿ ಒಂದು ಮಾತು ಹೇಳಿದ್ದ, ನಾ ಅದನ್ನ ನಡಸ್ಕೋತ ಬಂದೆ. ಈ ಬಾಗಲದಾಗ ಹಾದಾಡಿ ನಾವೆಲ್ಲಾ ದೊಡ್ಡವರಾಗೀವಿ. ಯಮ ಯಾವಾಗ ಬರಬೇಕಾಗಿತ್ತೋ ಆವಾಗ ಬಂದಾನ, ಬಾಗಲ ಕೇಳಿ ಬಂದಿಲ್ಲ. ಬರಕೋರಿ."

ಬಾಜು ಮನೆಯ ಮುದುಕಿ ಎಲೆ ಅಡಿಕೆ ಉಗುಳಿ ಬಂದು ಹೇಳಿದಳು: "ಏ ಶರಣಪ್ಪಾ, ಮನಿಗೋಳು ಒಂದ ಸಾಲಿನ್ಯಾಗ ನಿಂತಾವು, ನಿಮ್ಮದೊಂದ ಹೆಂಗ ತಿರಗತದೋ? ನಮ್ಮದೂ ತೆಂಕಲನ. ತುದಿ ಮನಿ ಬಿಟ್ರ ಇಡೀ ಸಾಲ ತೆಂಕಲನ. ನಮ್ಮತ್ತಿ ಬಾಯಿ ಮುಚ್ಚಿಸಿದ್ಲಂತ ನಾ ಸುಮ್ಮನಿದ್ದೆ." ಕಟ್ಟೆಯ ಮೇಲೆ ನಗು ಎದ್ದಿತು. ಶರಣಪ್ಪನವರೂ ನಕ್ಕರು, ಕಣ್ಣು ಒರೆಸಿಕೊಂಡರು.

ತಿದ್ದಿದ ಸರ್ಟಿಫಿಕೇಟು ಮಾನ್ವಿಯ ನೋಂದಣಿ ಕಚೇರಿಗೆ ಬಂದ ಸುದ್ದಿ ತಿಳಿದು ಹೋದರೆ, ನಾನು ಕರೆಯದೆಯೇ ಶರಣಪ್ಪನವರು ಬಾಗಿಲಲ್ಲಿ ನಿಂತಿದ್ದರು. "ಓದು" ಎಂದರು. ಬೆರಳಿಟ್ಟು ಓದಿದೆ. ಪೂರ್ವಕ್ಕೆ ಸಂದಿ ಮತ್ತು ಬಾಜು ಮನೆಯ ಗೋಡೆ. ದಕ್ಷಿಣಕ್ಕೆ ಮುಂಬಾಗಿಲು ಮತ್ತು ರಸ್ತೆ. ಮೇಲೆ ನನ್ನ ಹೆಸರು, ನಮ್ಮಪ್ಪನ ಹೆಸರು. ಅವರು ತಲೆ ಆಡಿಸಿ ಹೇಳಿದರು, "ನಮ್ಮ ಮನಿ ಈಗ ಇದ್ದಲ್ಲೇ ನಿಂತಿತು ನೋಡಪಾ." ನಮ್ಮ ಮನಿ ಅಂದರು. ನಾನು ತಿದ್ದಲಿಲ್ಲ.

ಗಾಲಿ ಕಟ್ಟಿದರು, ಬಸ್ಸು ಹತ್ತೋಣ. ಇಷ್ಟು ವರ್ಷ ಈ ಕಥೆಯನ್ನು ಎಲ್ಲರಿಗೂ "ನಾನೇ ಮಾಡಿಸಿಕೊಂಡೆ, ಯಾರ ಹಂಗೂ ಇಲ್ಲದೆ" ಎಂದು ಹೇಳುತ್ತಾ ಬಂದಿದ್ದೇನೆ. ಈಗಲೂ ಹಾಗೇ ಹೇಳುತ್ತೇನೆ, ಅದು ಸುಳ್ಳಲ್ಲ. ಆದರೆ ರಸ್ತೆಯಂಚಿನಲ್ಲಿ ನಿಂತು ನಿಮಗೆ ಹೇಳುತ್ತಿರುವಾಗ ಒಂದು ಲೆಕ್ಕ ಬೇರೆಯಾಯಿತು. ಓಡಾಡಿದ ಕಾಲು ನನ್ನವು, ಬರೆದ ಕೈ ನನ್ನದು. ಮನೆಯನ್ನು ನನ್ನ ಹೆಸರಿಗೆ ಏರಿಸಿದ ಮಾತು ಇನ್ನೊಬ್ಬರದು.

ಹರಾಜಿನಲ್ಲಿ ಜಾಗ ಹಿಡಿದವರು, ನಾನೇ ಓದಿ ತಿದ್ದಿಸಿಕೊಂಡ ಸುದ್ದಿ ಕೇಳಿ, ಇವತ್ತಿಗೂ ಕಾಗದ ಹಿಡಿದು ನನ್ನ ಅಂಗಡಿಗೆ ಬರುತ್ತಾರೆ. ಮುಂಚೆಯೆಲ್ಲ ಕೂಡಲೇ ಕಾಗದ ಇಸಿದುಕೊಳ್ಳುತ್ತಿದ್ದೆ. ಇನ್ನು ಹಾಗೆ ಮಾಡುವುದಿಲ್ಲ. ನಾಳೆ ದೇವದುರ್ಗದವರೊಬ್ಬರು ಬರುವವರಿದ್ದಾರೆ. ಅವರಿಗೆ ಹೇಳಬೇಕು: ಕಾಗದ ಆಮೇಲೆ ತೋರಸ್ರಿ, ಮೊದಲ ಜಾಗಕ್ಕ ಹೋಗೋಣು, ಹೊತ್ತು ಮೂಡೂ ಮುಂದ. ಮೊದಲಿನ ಮನಿಯವರು ಎಲ್ಲಿದ್ರೂ ಕೇಳಿ ಕರಕೊಂಡು ಬರ್ರಿ. ಅವರಿಗೆ ಕುಂದರಾಕ ಗಾದಿ ನಾನ ಹಾಸ್ತೀನಿ.